ಮೊದಲ ಅಂಕಿಗೆ ಗೆರೆಯಿಲ್ಲ

ಹನ್ನೊಂದು ವರ್ಷ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ
ಅಂಗಿಯ ಕಂಕುಳಿಗೆ ಇದೇ ಪಟ್ಟಿ ಸಿಕ್ಕಿಸಿದವಳು ನಾನು.
ಗಂಟೆಗೆ ನೂರಿಪ್ಪತ್ತು. ಒಂದು ಕಮ್ಮಿಯಾದರೆ ಸೂಪರ್‌ವೈಸರನ ಬಾಯಿ.
ಹನ್ನೆರಡು ಅಂಕಿ, ಅಮೆರಿಕದ ಅಂಗಡಿಗೆ ಹೋಗುವಂಥದು.
ಏನು ಬರೆದಿದೆ ಎಂದು ಒಮ್ಮೆಯೂ ಕೇಳಲಿಲ್ಲ;
ಕೇಳಿದ್ದರೆ ಹೇಳುವವರೂ ಇರಲಿಲ್ಲ.

ಈಗ ನನ್ನದೇ ಸೀಗೆಪುಡಿ.
ಜೆ.ಪಿ. ನಗರದ ದೊಡ್ಡ ಅಂಗಡಿಯ ಹುಡುಗ
ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿಯೂ ನೋಡದೆ,
"ಬಾರ್‌ಕೋಡ್ ಎಲ್ಲಮ್ಮಾ?
ಗೆರೆ ಇಲ್ಲದ್ದು ನಮ್ಮ ಕಣ್ಣಿಗೆ ಕಾಣಲ್ಲ" ಎಂದ.

ಸುಲ್ತಾನ್‌ಪೇಟೆಯ ಲಗ್ನಪತ್ರಿಕೆಗಳ ಸಾಲಿನ ಕೊನೆಗೆ
ಒಬ್ಬ ಇನ್ನೂರಕ್ಕೆ ಒಂದು ನಂಬರು ಕೊಟ್ಟ,
ಮೊಳ ಹೂ ಅಳೆದು ಕೊಟ್ಟ ಹಾಗೆ.
ಮಗಳು ಫೋನು ಹಿಡಿದು ನೋಡಿದಳು:
ಯಾವುದೋ ದೇಶದ ಬೆಕ್ಕಿನ ತಿಂಡಿಯಂತೆ ಅದು.
ಯಾರದೋ ರೇಷನ್ ಕಾರ್ಡಿನಲ್ಲಿ ಅಕ್ಕಿ ತಂದಂತಾಯಿತು,
ಎರಡು ದಿನ ಊಟ ಸೇರಲಿಲ್ಲ.

ಆಮೇಲೆ ಚೀಟಿ ಎತ್ತಿ, ಅರ್ಜಿ ತುಂಬಿ,
ಸರಿಯಾದ ದಾರಿಯಲ್ಲೇ ಕೊಂಡೆ.
ಮತ್ತೆ ಮತ್ತೆ ಕಟ್ಟುತ್ತಿರಬೇಕಂತೆ.
ನಮಗೆ ನಂಬರು ಕೂಡ ಬಾಡಿಗೆಯದೇ.

ಪ್ರೆಸ್ಸಿನ ಮುನವ್ವರ್ ಸಾಹೇಬರು
ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಹಾಳಾದ ಲಗ್ನಪತ್ರಿಕೆಯ ಬೆನ್ನಿಗೆ ಬರೆದರು:
"ಎಂಟು ಒಂಬತ್ತು ಸೊನ್ನೆ. ನಂಬರು ಈ ದೇಶದಲ್ಲಿ ಕೊಟ್ಟದ್ದು, ಅಷ್ಟೇ.
ಸೀಗೆ ಇಲ್ಲೇ ಬೆಳೆದದ್ದೆಂದು ಅದು ಆಣೆ ಹಾಕಲ್ಲ.
ಆಮೇಲೆ ನೀವು. ಆಮೇಲೆ ನಿಮ್ಮ ಪೊಟ್ಟಣ.
ನೂರು ಗ್ರಾಮಿಗೊಂದು, ಇನ್ನೂರಕ್ಕೆ ಬೇರೆ;
ಅಕ್ಕ ತಂಗಿಗೆ ಒಂದೇ ಹೆಸರಿಡಬೇಡಿ."

ಬೆಲೆ ಎಲ್ಲಿದೆ ಎಂದೆ.
"ಬೆಲೆ ಇದರಲ್ಲಿಲ್ಲ, ಅದು ಅಂಗಡಿಯವನ ಲೆಕ್ಕದಲ್ಲಿ."

ಕೊನೆಯ ಅಂಕಿ ಯಾರೂ ಕೊಡುವುದಲ್ಲ, ಉಳಿದವು ಹೆರುವುದು.
ಒಂದು ಬಿಟ್ಟು ಒಂದನ್ನು ಮೂರರಿಂದ ಗುಣಿಸಿ,
ಉಳಿದದ್ದನ್ನು ಇದ್ದ ಹಾಗೇ ಇಟ್ಟು, ಎಲ್ಲ ಕೂಡಿದೆವು:
ನನಗೆ ತೊಂಬತ್ತೊಂದು, ಅವರಿಗೆ ತೊಂಬತ್ತಮೂರು.
ಮತ್ತೆ ಕೂಡಿದಾಗ ಅವರದೇ ಸರಿ.
ನೂರಕ್ಕೆ ಏಳು ಕಮ್ಮಿ; ಏಳು ಬಂದು ಕೊನೆಗೆ ಕೂತಿತು,
ಪತ್ರಕ್ಕೆ ಸಾಕ್ಷಿ ರುಜು ಹಾಕುವವನಂತೆ.

ಗೆರೆ ಕುಂಕುಮದ ಬಣ್ಣ ಇರಲಿ, ಲಕ್ಷಣ ಎಂದೆ.
"ಯಂತ್ರದ ಬೆಳಕೂ ಕೆಂಪಮ್ಮಾ,
ಕೆಂಪು ಗೆರೆ ಅದಕ್ಕೆ ಬರೀ ಬಿಳಿ ಹಾಳೆ."
ಎರಡೂ ಪಕ್ಕ ಒಂದೊಂದು ಮಲ್ಲಿಗೆ ಎಂದೆ.
"ಬೇಡ. ಅಷ್ಟು ಜಾಗ ಖಾಲಿ ಬಿಡಿ.
ಶುರು ಎಲ್ಲೆಂದು ತಿಳಿಯಲು ಅದಕ್ಕೂ ಸ್ವಲ್ಪ ಮೌನ ಬೇಕು."

ಹೊರಡುವ ಹೊತ್ತಿಗೆ ಕೈ ತಡೆದು ತೋರಿಸಿದರು:
ಅಂಕಿ ಹದಿಮೂರು, ಗೆರೆ ಹನ್ನೆರಡಕ್ಕೇ ಇವೆ.
ಬೇಲಿಯಾಚೆ ಒಂಟಿಯಾಗಿ ನಿಂತ ಮೊದಲ ಎಂಟಕ್ಕೆ
ಒಂದು ಗೆರೆಯೂ ಇಲ್ಲ.
ಎಡಗಡೆಯ ಆರು ಹೇಗೆ ನಿಂತಿವೆ,
ಯಾವುದು ನೆಟ್ಟಗೆ, ಯಾವುದು ಮಗ್ಗುಲು ತಿರುವಿ,
ಆ ನಿಲುವಿನಿಂದಲೇ ಯಂತ್ರ ಎಂಟನ್ನು ಓದಿಕೊಳ್ಳುತ್ತದಂತೆ.

ಬಸ್ಸಿನಲ್ಲಿ ಮಡಿವಾಳ ದಾಟುವವರೆಗೂ
ಹೊಂಬಾಳಮ್ಮನೇ ಕಣ್ಣೆದುರು.
ಅದೇ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುತ್ತಿದ್ದವಳು,
ಊಟದ ಬಿಡುವಿನಲ್ಲಿ ಹೇಳಿಕೊಟ್ಟವಳು:
ಸೀಗೆ ಒಂದು ಸೇರು, ಅಂಟುವಾಳ ಅರ್ಧ,
ಮೆಂತ್ಯ ಬೊಗಸೆ, ನೆರಳಲ್ಲೇ ಒಣಗಿದ ಕಿತ್ತಳೆ ಸಿಪ್ಪೆ.
ಪೊಟ್ಟಣದ ಮೇಲೆ ನಿನ್ನ ಹೆಸರು ಹಾಕಲಾ ಎಂದಾಗ
"ಥೂ, ನನ್ನ ಹೆಸರು ಯಾರ ತಲೆಗೆ!" ಎಂದು ನಕ್ಕಿದ್ದಳು.

ಹೊಂಗಸಂದ್ರದ ವಠಾರದಲ್ಲಿ ಸಂಜೆ
ಮೊದಲ ಪೊಟ್ಟಣ ಅವಳ ಕೈಗಿಟ್ಟೆ.
ಎಂಟರ ಕಥೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ
ಕನ್ನಡಕವಿಲ್ಲದೆ, ಉಗುರಿನಿಂದ ಗೆರೆಗಳ ಮೇಲೆ ಗೀರಿ,
"ಇದೇನೇ, ಬಾಚಣಿಗೆ ಚಿತ್ರ?
ಒಂದು ಹಲ್ಲು ದಪ್ಪ, ಒಂದು ಸಣ್ಣ, ನಡುನಡುವೆ ಮುರಿದಿವೆ.
ಇದರಲ್ಲಿ ಬಾಚಿದರೆ
ಹೇನು ಬೀಳ್ತದಾ?"