ಮೂರನೇ ತೊಟ್ಟಿಗೆ ಇಲ್ಲ

ಗ್ರಾನ್ ಕನಾರಿಯಾದ ಪೂರ್ವ ದಂಡೆ. ಕರಿಕಲ್ಲಿನ ಮೇಲೊಂದು
ತಗಡಿನ ಶೆಡ್ಡು, ಒಳಗೆ ಹನ್ನೆರಡು ತೊಟ್ಟಿ.
ಹೊರಗೆ ಇಡೀ ಅಟ್ಲಾಂಟಿಕ್ ಬಿದ್ದುಕೊಂಡಿದೆ;
ನನ್ನ ರಾತ್ರಿಪಾಳಿ ಈ ಹನ್ನೆರಡಕ್ಕೆ ಮಾತ್ರ.

ಹದಿನಾಲ್ಕು ದಿನದ ಮರಿಗಳು. ಮರಿ ಅಂದರೂ ಹೆಚ್ಚೇ:
ಎರಡು ಕಪ್ಪು ಚುಕ್ಕೆ, ಹಿಂದೊಂದು ಗಾಜಿನ ನೂಲು.
ಉಂಡದ್ದು ಹೊಟ್ಟೆಯಲ್ಲಿ ಹೊರಗೇ ಕಾಣುತ್ತದೆ,
ಗುಟ್ಟು ಮಾಡಲು ಬಾರದ ಜಾತಿ.

ಕಣ್ಣಿಗೆ, ಮಿದುಳಿಗೆ ಕೊಬ್ಬು ಬೇಕು ಇವಕ್ಕೆ.
ಮೇವಾಗುವ ಹುಳಕ್ಕೆ ಮೊದಲು ಮೀನೆಣ್ಣೆ ಉಣಿಸಿ
ಆಮೇಲೆ ಹುಳವನ್ನೇ ಉಣಿಸುತ್ತೇವೆ.
ಆದರೆ ಎಣ್ಣೆಯ ಬುದ್ಧಿ ಯಾವ ಅಡುಗೆಯವಳಿಗೆ ಗೊತ್ತಿಲ್ಲ?
ಮುಚ್ಚಳ ಮರೆತರೆ ಕಮಟು.
ಮೈಯೊಳಗೂ ಹಾಗೆಯೇ: ಸಾಕಿದ್ದೇ ಹಳಸಿ
ಸ್ನಾಯು ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ,
ಉಪ್ಪುಗಾಳಿಗೆ ಕಟ್ಟೆಯ ಕಂಬಿ ಉದುರಿದ ಹಾಗೆ.

ಅದಕ್ಕೇ ಈ ಸೀಸೆ. ಜೇನಿನ ಬಣ್ಣ, ಜೇನಿಗಿಂತ ಮಂದ.
ವಿಟಮಿನ್ ಇ. ತುಕ್ಕಿನೆದುರು ತಾನೇ ಹೋಗಿ ನಿಂತು
ಮೊದಲು ನನ್ನ ತಿನ್ನು ಅನ್ನುವ ವಸ್ತು.

ಒಂದಕ್ಕೆ ಇಷ್ಟು. ಏಳಕ್ಕೆ ಅದರ ಎರಡರಷ್ಟು.
ಹನ್ನೊಂದಕ್ಕೆ ಇನ್ನೂ ಜಾಸ್ತಿ. ಜಾಸ್ತಿ ಕೊಟ್ಟದ್ದಕ್ಕೆ
ಜಾಸ್ತಿ ಬದುಕಲಿಲ್ಲ ಎಂದು ಯೆರಾಯ್
ಕಾಫಿ ಚೆಲ್ಲಿದ ಹಾಳೆಯಲ್ಲಿ ಬರೆದಿಟ್ಟಿದ್ದಾನೆ.
ಮೂರನೇ ತೊಟ್ಟಿಗೆ ಇಲ್ಲ.

ಇರಲೇಬೇಕು ಅಂಥದ್ದೊಂದು. ಕೊಡದೆ ಇಟ್ಟರೆ ತಾನೇ
ಕೊಟ್ಟದ್ದರ ಬೆಲೆ ತಿಳಿಯುವುದು. ಲೆಕ್ಕ ಸರಿ.
ಆದರೂ ಮೂರರ ಮೇಲೆ ಟಾರ್ಚು ಹಿಡಿದರೆ
ಬೆಳಕಿನ ಕಡೆ ಹೊರಟವು, ಅರ್ಧಕ್ಕೇ
ಓರೆಯಾಗಿ ಇಳಿದುಹೋಗುತ್ತವೆ.

ಮೊನ್ನೆ, ಸಹಾರಾದ ಧೂಳು ಬಂದು ಗಂಟಲು ಕಟ್ಟಿದ ರಾತ್ರಿ,
ಡ್ರಾಪರು ಮೂರರ ಮೇಲೆ ಹೋಗಿ ನಿಂತಿತ್ತು.
ಒಂದೇ ಹನಿ. ಯಾರು ನೋಡುತ್ತಾರೆ?
ಹನಿ ತುದಿಯಲ್ಲಿ ದಪ್ಪವಾಯಿತು.
ಕೈ ಎಳೆದುಕೊಂಡೆ.
ಬಿದ್ದದ್ದು ನನ್ನ ಮಣಿಕಟ್ಟಿನ ಮೇಲೆ.

ಬೆಳಗ್ಗೆ ಮನೆಯಲ್ಲಿ ಅಪ್ಪ, ಗುಮೆರ್ಸಿಂಡೊ,
ನಲವತ್ತು ವರ್ಷ ದೋಣಿಯಲ್ಲಿ ಬೆಂದವನು,
ಹಾಲಿಗೆ ಹುರಿಹಿಟ್ಟು ಕಲಸುತ್ತ ನಗುತ್ತಾನೆ:
"ಮುಗಿಯಿತಾ ಮೀನಿನ ಬಾಣಂತನ?"
ಸತ್ತವನ್ನೂ ಎಣಿಸುತ್ತೇನೆ ಅಂದೆ.
ಚಮಚ ನಿಂತಿತು. "ಒಂದೊಂದನ್ನೂ?"
"ಒಂದೊಂದನ್ನೂ."
"ಕಡಲಿನಲ್ಲಿ ಯಾರು ಎಣಿಸುತ್ತಿದ್ದರು," ಅಂದ;
ಕೇಳಿದನೋ, ಹೇಳಿದನೋ.
ಆಮೇಲೆ ನನ್ನ ಕೈ ಹಿಡಿದು ಮೂಸಿ ನೋಡಿದ,
ಮೀನು ಕೊಳ್ಳುವವರು ಕಿವಿರು ನೋಡುವ ಹಾಗೆ,
ಏನೂ ಅನ್ನಲಿಲ್ಲ.

ನನ್ನ ಪುಸ್ತಕದಲ್ಲಿ ಮೂರರ ಎದುರು
ಇವತ್ತಿನ ಸಂಖ್ಯೆ ಇನ್ನೂ ಬರೆದಿಲ್ಲ.