ಬಂಗಾರದ ಸೀಟಿ

ಗ್ರೀನಿಚ್ ಮೆಟ್ಟಿಲಿಗೆ ದೋಣಿ ತಾಗಿಸಿ ಕಾಯುತ್ತಿದ್ದೆ.
ಒಳಗೆ ಮೇಣದ ಬೆಳಕು, ಹುರಿದ ನವಿಲಿನ ವಾಸನೆ.
ನಮ್ಮ ಧಣಿ ಹೋಲ್ಕಂಬ್, ಇಡೀ ನೌಕಾಪಡೆಯ ಒಡೆಯ,
ರಾಜನೆದುರು ಇಸ್ಪೀಟಿನಲ್ಲಿ ಸೋಲುವ ಕೆಲಸದಲ್ಲಿದ್ದರು.
ಬೇಗ ಸೋತರೆ ಅನುಮಾನ, ತಡವಾದರೆ ಮುನಿಸು.
ಬಿಸ್ಕೇ ಕೊಲ್ಲಿಯ ಬಿರುಗಾಳಿಗೂ
ಇಷ್ಟು ಲೆಕ್ಕ ಹಾಕಿದವರಲ್ಲ.

ಕೊರಳಲ್ಲಿ ಬಂಗಾರದ ಸೀಟಿ, ಹುದ್ದೆಯ ಗುರುತು.
ಅದನ್ನೂದಿದರೆ ನಲವತ್ತು ಹಡಗು ಹಾಯಿ ಬಿಚ್ಚಬೇಕು.
ಅರಮನೆಯ ಹೆಂಗಸರು ಮುಟ್ಟಿ ನೋಡಿ
ಮುದ್ದಾಗಿದೆ ಅನ್ನುತ್ತಾರಂತೆ.

ಡೆಟ್‌ಫರ್ಡ್ ಕಟ್ಟೆಯಲ್ಲಿ ನನ್ನ ತಮ್ಮ ವಾಟ್
ಹುಳ ಹಿಡಿದ ಬಿಸ್ಕತ್ತನ್ನು ಹಲಗೆಗೆ ಕುಟ್ಟಿ
ಕೊಡವಿ ತಿನ್ನುತ್ತಾನೆ.
ಒಂಬತ್ತು ತಿಂಗಳ ಸಂಬಳ ಬರಬೇಕು.
ಅವನ ಅರ್ಜಿ ಧಣಿಯ ತೋಳಿನ ಮಡಿಕೆಯಲ್ಲಿದೆ,
ನಾನೇ ಇಟ್ಟದ್ದು.
ಮೂರು ಭಾನುವಾರ ಕಳೆಯಿತು.

ನಡುರಾತ್ರಿ ಬಂದು ಕೂತರು. ನೀರು ಇಳಿಯುತ್ತಿತ್ತು.
"ಗೆದ್ದಿರಾ, ಧಣಿ?"
"ಸೋತೆ," ಅಂದರು, "ಚೆನ್ನಾಗಿಯೇ ಸೋತೆ."
ತೋಳಿನ ಮಡಿಕೆ ಸವರಿಕೊಂಡರು. ಏನೋ ಹೇಳಹೊರಟರು.
ಹೇಳಲಿಲ್ಲ.
ಸೀಟಿ ತುಟಿಗಿಟ್ಟು, ದಡದ ಹಂಸಕ್ಕೂ ಎಚ್ಚರವಾಗದಷ್ಟು ಮೆಲ್ಲಗೆ
ಒಮ್ಮೆ ಊದಿದರು.

ಹಾಳು ಕೈ,
ತಾನಾಗಿಯೇ ಹುಟ್ಟು ಎತ್ತಿತು.