ದುಭಾಷಿಯ ಫೀಸು

ವಿದ್ಯಾನಗರದ ಕೋರ್ಟು, ಮೇಲಿನ ಮಾಳಿಗೆ, ಅದಾಲತ್ತಿನ ದಿನ.
ಮೇಜಿನ ಕುಂಟು ಕಾಲಿಗೆ ಮಡಚಿಟ್ಟಿದ್ದರು
ಯಾರದೋ ಹಳೆಯ ಸಮನ್ಸು.
ಆಚೆ ವಿಮಾ ಕಂಪೆನಿಯ ರತೀಶನ್, ಪಯ್ಯನ್ನೂರಿನವರು,
ಈಚೆ ಬಾಯಾರಿನ ಜಲಜಾಕ್ಷಿ, ಬೀಡಿ ಕಟ್ಟುವವಳು.
ಅವಳ ವಕೀಲರು ಈಗ ಬಂದೆ ಎಂದು ಹೋದವರು
ಬರಲೇ ಇಲ್ಲ.
ನಡುವೆ ನಾನು, ದಸ್ತಾವೇಜು ಬರೆಯುವವ,
ಇವತ್ತಿನ ಮಟ್ಟಿಗೆ ಬಾಡಿಗೆಯ ನಾಲಗೆ.

ಅಪಘಾತಕ್ಕೆ ಮೊದಲು ದಿನಕ್ಕೆ ಎಷ್ಟು ಬೀಡಿ?
ಎಂಟುನೂರು. ಕರೆಂಟು ಇದ್ದರೆ ರಾತ್ರಿ ಇನ್ನೊಂದು ನೂರು.
ಈಗ?
ಇನ್ನೂರೈವತ್ತು. ಅದರಲ್ಲೂ ಬ್ರಾಂಚಿನವ ಹಿಚುಕಿ ನೋಡಿ
ಕಟ್ಟಿಗೆ ಎರಡೆರಡು ಹಾಳೆಂದು ಎಸೆಯುತ್ತಾನೆ.
ಹಾಳನ್ನು ನಾನು ನಷ್ಟ ಮಾಡಿದೆ,
ಬೆರಳನ್ನು ವಿರಲ್ ಮಾಡಿದೆ.
ಕೈಯನ್ನು ಏನೂ ಮಾಡಬೇಕಾಗಲಿಲ್ಲ,
ಅಲ್ಲಿಯೂ ಅದು ಕೈಯೇ.

ನಾನು ಕನ್ನಡ ಮಾಡುವಷ್ಟು ಹೊತ್ತೂ ಅವಳು
ಕಿಟಕಿಯಾಚೆ ನೋಡುತ್ತಾ ಎಡಗೈಯ ಗೆಣ್ಣು ಎಣಿಸುತ್ತಿದ್ದಳು.
ಕೇಳಿಸುವುದಿಲ್ಲವೋ ಎಂದು
ಎರಡು ಸಲ ದನಿ ಏರಿಸಿದೆ.

ಡಾಕ್ಟರು ಬರೆದದ್ದು ಎಂಟು ಪರ್ಸೆಂಟು ಎಂದರು ಅವರು.
"ಎಂಟಾ? ಬೆರಳು ಇರುವುದೇ ಹತ್ತಲ್ವಾ,
ಒಂದು ಮಡಚದಿದ್ದರೆ ಹತ್ತಾದರೂ ಆಗ್ಬೇಕಲ್ಲ?"
ಎಂದು ಹೆಬ್ಬೆರಳನ್ನು ಮೇಜಿನ ಮೇಲೆ ಇಟ್ಟಳು,
ತೂಕಕ್ಕೆ ಇಟ್ಟ ಹಾಗೆ.
ಎಲೆಯ ಮೂತಿ ಒತ್ತಿ ಒತ್ತಿ ಉಗುರು ಸವೆದಿತ್ತು,
ಗೆಣ್ಣಿನ ಮೇಲೆ ಹೊಲಿಗೆಯ ಗೆರೆ.
ರತೀಶನ್ ಫೈಲು ತಿರುವುತ್ತಾ ತಮ್ಮಷ್ಟಕ್ಕೇ ಅಂದರು,
"ಇವರೊಕ್ಕೆ ಇಂಙನೆ ತನ್ನೆ."
ಅದನ್ನು ನಾನು ನುಂಗಿದೆ.

ಬಂದ್ಯೋಡಿನ ಹತ್ತಿರ ಮೀನಿನ ಲಾರಿ ತಾಗಿ
ರಿಕ್ಷಾ ಮಗುಚಿದ್ದು ಫೈಲಿನಲ್ಲಿ ಉಂಟು.
ಅವಳ ಮಡಿಲಿನ ಬೀಡಿ ರಸ್ತೆಗೆ ಚೆಲ್ಲಿ,
ಐಸಿನ ನೀರು ಕುಡಿದು
ಬಂಗುಡೆಯ ವಾಸನೆ ಹಿಡಿದು ಬಿದ್ದದ್ದು ಇಲ್ಲ.
"ಆ ದಿನದ್ದು ಆರುನೂರು ಬೀಡಿ. ಅದರ ಮಜೂರಿ ಯಾರು ಕೊಡ್ತಾರೆ, ಕೇಳಿ."
ಲಕ್ಷದ ಮಾತು ನಡೆವಲ್ಲಿ ಇದನ್ನು ಕೇಳಿದರೆ
ಅವರು ನಕ್ಕಾರು ಎಂದು
"ಇನ್ನೂ ಸ್ವಲ್ಪ ಹೆಚ್ಚಿಸಬೇಕಂತೆ" ಎಂದುಬಿಟ್ಟೆ.

ಒಂದು ನಲವತ್ತು.
ಅವಳು ಸುಮ್ಮನೆ.
ಒಂದು ಐವತ್ತೈದು, ಇದಕ್ಕಿಂತ ಮೇಲೆ ಕಣ್ಣೂರಿಗೆ ಫೋನು ಮಾಡಬೇಕು.
"ಮಾಡಲಿ," ಅಂದಳು, ನಾನು ಬಾಯಿ ತೆರೆಯುವ ಮೊದಲೇ.
ಆಗ ನನಗೆ ಹೊಳೆಯಬೇಕಿತ್ತು.
ಫೋನು ಆಯಿತು. ಒಂದು ಎಪ್ಪತ್ತೆರಡು.
ಗೆಣ್ಣೆಣಿಕೆ ನಿಂತಿತು.
ಎಡಗೈಯಲ್ಲಿ ಸಹಿ ಹಾಕಿದಳು,
ಅಕ್ಷರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತವು.

ಕೆಳಗೆ ಚಾಯದಂಗಡಿಯವನ ಹತ್ತಿರ
ಅವನ ತಂಗಿಯ ಹೆರಿಗೆ, ತೆಂಗಿನಕಾಯಿಯ ಕ್ರಯ, ಹೈವೇಯ ಧೂಳು,
ಎಲ್ಲ ಮಾತಾಡಿದಳು ಜಲಜಾಕ್ಷಿ
ನನಗಿಂತ ಚಂದದ ಮಲಯಾಳದಲ್ಲಿ.
ಗ್ಲಾಸು ಹಿಡಿದು ನಿಂತೇ ಇದ್ದೆ.
"ನಿಮಗೆ ಗೊತ್ತುಂಟಾ?"
"ಐವತ್ತು ವರ್ಷ ಇಲ್ಲಿಯ ರೇಶನ್ ತಿಂದವಳಿಗೆ ಗೊತ್ತಿಲ್ಲದೆ?"
"ಮತ್ತೆ ನಾನು ಎಂತಕ್ಕೆ?"
"ಅವರು ಒಮ್ಮೆ ಹೇಳ್ತಾರೆ, ನೀವು ಇನ್ನೊಮ್ಮೆ ಹೇಳ್ತೀರಿ.
ಆ ಎಡೆಯಲ್ಲಿ ನನಗೆ ಲೆಕ್ಕ ಹಾಕ್ಲಿಕ್ಕೆ ಹೊತ್ತು ಸಿಗ್ತದೆ ಮಾರಾಯ್ರೆ."

ಮುನ್ನೂರು ಎಂದು ಮಾತಾಗಿತ್ತು ನನ್ನ ಫೀಸು.
ನೂರೈವತ್ತು ಕೊಟ್ಟಳು.
"ಬಾಕಿ ಆ ಬೀಡಿಯದ್ದು. ನೀವು ಅದನ್ನು ಕೇಳಲೇ ಇಲ್ಲ."
ಮತ್ತೆ ಪರ್ಸಿನ ಜಿಪ್ಪನ್ನು
ಹಲ್ಲಿನಲ್ಲಿ ಕಚ್ಚಿ ಎಳೆದು ಮುಚ್ಚಿ
ಬಸ್ಸಿನ ಕಡೆಗೆ ನಡೆದಳು.
ಚಾಯದ ದುಡ್ಡು ನಾನೇ ಕೊಟ್ಟೆ, ಎರಡರದ್ದೂ.